ಪಡಿತರದ ಚೀಟಿ ಮತ್ತು ದಂಡನೆಯ ನ್ಯಾಯ

ಬಡವರಿಗೆಂದು ತೆಗೆದಿರಿಸಿದ ಅನ್ನವನ್ನು ಉಳ್ಳವರು ಸುಳ್ಳು ಹೇಳಿ ಪಡೆಯುವುದು ಕಳವಲ್ಲದೆ ಮತ್ತೇನೂ ಅಲ್ಲ. ಈ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಕಳ್ಳನನ್ನು ಹಿಡಿಯಹೊರಟವರು ಮೊದಲು ಯಾರ ಮನೆಯ ಬಾಗಿಲನ್ನು ತಟ್ಟುತ್ತಾರೆಂಬುದೂ ವಿಚಾರಾರ್ಹವಾದ ಸಂಗತಿ.

2024ರ ನವೆಂಬರ್ ತಿಂಗಳಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಅನರ್ಹರ ಬಿ.ಪಿ.ಎಲ್. ಚೀಟಿಗಳನ್ನು ರದ್ದುಮಾಡಲು ತೊಡಗಿದ ಆಹಾರ ಇಲಾಖೆಯವರು ಅರ್ಹರ ಚೀಟಿಗಳನ್ನೂ ಕಿತ್ತುಕೊಂಡರೆಂಬ ಕೂಗು ಎದ್ದಿತು. ಕಡೆಗೆ ಸರ್ಕಾರಿ ನೌಕರರನ್ನೂ ಆದಾಯತೆರಿಗೆ ಕೊಡುವವರನ್ನೂ ಉಳಿದು ಮಿಕ್ಕವರಿಗೆ ಚೀಟಿಗಳನ್ನು ಹಿಂದಿರುಗಿಸುವುದಾಗಿ ಸರ್ಕಾರದವರೇ ಸಾರಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಬೇಕಿಲ್ಲ.

ದಂಡಿಸಲು ಕಾನೂನು ಸಾಲದೆಂದು ಹೇಳುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಂತೆ, ವಂಚಿಸಿ ಸ್ವತ್ತು ಪಡೆದವನಿಗೆ 7 ವರ್ಷಗಳವರೆಗೆ ಸೆರೆವಾಸವೂ ಜುಲ್ಮಾನೆಯೂ ಉಂಟು; ವಂಚನೆಗಾಗಿ ಸುಳ್ಳು ದಸ್ತಾವೇಜು ಸೃಷ್ಟಿಸಿದವನಿಗೆ 336ನೆಯ ಕಲಮೂ ಅಷ್ಟನ್ನೇ ವಿಧಿಸುತ್ತದೆ. ಇನ್ನೊಂದು ಪಕ್ಕವನ್ನು ನೋಡೋಣ. ಹಕ್ಕುದಾರನಿಗೆ ಪರಿಹಾರ ಕೊಡಬೇಕೆಂದು ಜಿಲ್ಲಾ ಕುಂದುಕೊರತೆ ಅಧಿಕಾರಿಯು ಶಿಫಾರಸು ಮಾಡಿದಮೇಲೂ ನಿಷ್ಕಾರಣವಾಗಿ ಕೊಡದ ಸರ್ಕಾರಿ ನೌಕರನಿಗೆ, 2013ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮದ 33ನೆಯ ಕಲಮಿನಂತೆ, ಹೆಚ್ಚೆಂದರೆ 5,000 ರೂಪಾಯಿ ದಂಡ! ಹಸಿದವನು ಸುಳ್ಳಾಡಿದರೆ ಸೆರೆಮನೆ, ಹಸಿವಿಗೆ ಕಾರಣನಾದವನಿಗೆ ಚಿಲ್ಲರೆ ಜುಲ್ಮಾನೆ. ಇದು ಎಂತಹ ತಕ್ಕಡಿ?

ಅರ್ಹತೆಯ ಮಿತಿಯೂ ವಿಚಿತ್ರವಾದುದು. ಆ ನವೆಂಬರಿನಲ್ಲಿ ಕುಟುಂಬದ ವಾರ್ಷಿಕ ವರಮಾನದ ಮಿತಿ 1.20 ಲಕ್ಷ ರೂಪಾಯಿ, ಎಂದರೆ ತಿಂಗಳಿಗೆ 10,000. ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವ ಗಂಡನೂ ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಂಡತಿಯೂ ಇಬ್ಬರೂ ದುಡಿದರೆ, ನಿಯಮದ ಕಣ್ಣಿಗೆ ಅವರು ಸಿರಿವಂತರು. ಹೆಬ್ಬಾಳದಲ್ಲಿಯೋ ಯಲಹಂಕದಲ್ಲಿಯೋ ಮನೆಬಾಡಿಗೆ ತೆತ್ತು ಬಾಳುವವರು ಸತ್ಯ ನುಡಿದರೆ ಅಕ್ಕಿಯನ್ನು ಕಳೆದುಕೊಳ್ಳಬೇಕು, ನುಡಿಯದಿದ್ದರೆ ಅಪರಾಧಿಗಳಾಗಬೇಕು. ದುಡಿಮೆಗಾರನನ್ನು ಸುಳ್ಳಿಗೆ ದೂಡುವ ನಿಯಮವನ್ನಿಟ್ಟುಕೊಂಡು ಸುಳ್ಳಿಗೆ ದಂಡನೆ ವಿಧಿಸುವುದು ಧರ್ಮವೆನಿಸದು.

ಹಾಗೆಂದು ವಂಚಕರನ್ನು ಬಿಟ್ಟುಬಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಸರ್ಕಾರದ ಸಂಬಳ ತಿನ್ನುತ್ತ ಬಡವನ ಚೀಟಿ ಇಟ್ಟುಕೊಂಡವನು, ಕಾಸು ಪಡೆದು ಸುಳ್ಳು ವರಮಾನದ ಪತ್ರ ಬರೆದುಕೊಟ್ಟವನು, ಪಡಿತರದ ಅಕ್ಕಿಯನ್ನು ಕಾಳಸಂತೆಗೆ ಸಾಗಿಸುವವನು, ಇವರ ಮೇಲೆ ಮೊದಲು ಮೊಕದ್ದಮೆ ಹೂಡಬೇಕು. ಅಕ್ರಮವಾಗಿ ಪಡೆದುದರ ಬೆಲೆಯನ್ನೂ ವಸೂಲು ಮಾಡಬೇಕು. ಅರಿಯದೆ ತಪ್ಪಿದವರಿಗೆ ಚೀಟಿ ಒಪ್ಪಿಸಲು ಅವಕಾಶವಿರಲಿ. ನೋಟೀಸು ಕೊಟ್ಟು ಅಹವಾಲು ಕೇಳದೆ ಯಾರ ಚೀಟಿಯನ್ನೂ ಕಿತ್ತುಕೊಳ್ಳಕೂಡದು. ವರಮಾನದ ಮಿತಿ ಇಂದಿನ ಕೂಲಿಗೂ ಬೆಲೆಗಳಿಗೂ ಹೊಂದುವಂತಿರಬೇಕು.

ದಂಡನೆಯು ಕಠಿಣವಾಗಿದ್ದರೆ ಸಾಲದು. ಅದು ಬೀಳತಕ್ಕವನ ಬೆನ್ನಮೇಲೆಯೇ ಬೀಳಬೇಕು. ಅಧಿಕಾರಿಗಳು ಇದನ್ನು ಮನಗಾಣಬೇಕೆಂದು ಜನತೆಯ ಪರವಾಗಿ ಒತ್ತಿ ಹೇಳುತ್ತೇವೆ.