ಗಟ್ಟಿ ನೆಲ ಒಡೆಯುವ ಮುನ್ನ

ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ನಮ್ಮಲ್ಲಿ ಮೊದಲು ಬರುವ ಮಾತು ನೆಲದ್ದು. ಪುದಿಯಾಪ್ಲನ ಕಡೆಯವರು ಬರುವಾಗ ಈ ಕಾವಿ ನೆಲ ಚಂದ ಕಾಣುವುದಿಲ್ಲ, ಟೈಲ್ಸ್ ಹಾಕಿಸಲೇಬೇಕು ಅಂತ. ಗಲ್ಫಿನಲ್ಲಿರುವ ಮಗನಿಗೆ ಫೋನ್ ಹೋಗುತ್ತದೆ. ಅವನು ಅಲ್ಲಿ ರೂಮಿನವರ ಹತ್ತಿರ ಸಾಲ ಮಾಡಿ ಕಳಿಸುತ್ತಾನೆ. ಮೂವತ್ತು ನಲ್ವತ್ತು ವರ್ಷ ಗಟ್ಟಿಯಾಗಿ ನಿಂತ ನೆಲವನ್ನು ಎರಡು ದಿನದಲ್ಲಿ ಮೆಷಿನ್ ತಂದು ಒಡೆದು, ಪಿಕಪ್‌ಗೆ ತುಂಬಿಸಿ, ಕತ್ತಲಾದ ಮೇಲೆ ತೋಡಿನ ಬದಿಗೋ ಪಡೀಲು ಬಿದ್ದ ಗದ್ದೆಗೋ ಸುರಿದು ಬರುತ್ತೇವೆ.

ಪರಿಸರ ಎಂದರೆ ನಮಗೆ ಗಿಡ ನೆಡುವುದು, ಪ್ಲಾಸ್ಟಿಕ್ ಹೆಕ್ಕುವುದು ಇಷ್ಟೇ ನೆನಪಾಗುತ್ತದೆ. ಕಾಲಡಿಯ ನೆಲವೂ ಅದರಲ್ಲಿ ಸೇರಿದೆ. ಪರಿಸರಕ್ಕೆ ಯಾವ ನೆಲ ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಈಗಾಗಲೇ ಇರುವ ಗಟ್ಟಿ ನೆಲವೇ ಒಳ್ಳೆಯದು ಎಂಬುದು ನಮ್ಮ ಉತ್ತರ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸಾವಿರ ಚದರ ಅಡಿಗೆ ಹಾಕುವ ವಿಟ್ರಿಫೈಡ್ ಟೈಲ್ಸಿನ ತೂಕವೇ ಸುಮಾರು 2 ಟನ್. ಅದರ ಅಡಿಗೆ ಎರಡು ಇಂಚು ಗಾರೆ ಹಾಕಿದರೆ ಅದು 8-9 ಟನ್. ಇಷ್ಟಕ್ಕೆ ಹೊಳೆಯ ಮರಳು ಬೇಕು, ಸಿಮೆಂಟ್ ಬೇಕು. ಟೈಲ್ಸ್ ಬರುವುದು ಹೆಚ್ಚಾಗಿ ಗುಜರಾತಿನ ಮೋರ್ಬಿಯಿಂದ, 1,500 ಕಿ.ಮೀ. ಆಚೆಯಿಂದ. ಸುಮಾರು 1,200 ಡಿಗ್ರಿ ಶಾಖದಲ್ಲಿ ಅದನ್ನು ಸುಡಬೇಕು. ಅಲ್ಲಿನ ಕಾರ್ಖಾನೆಗಳು ಕಲ್ಲಿದ್ದಲಿನಿಂದ ಅನಿಲ ಮಾಡಿ ಉರಿಸುತ್ತಿದ್ದವು. ಗಾಳಿ, ನೀರು ಹಾಳಾಗುತ್ತಿದೆ ಎಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಘಟಕಗಳನ್ನು ಮುಚ್ಚಿಸಿತು. ನಮ್ಮ ಚಾವಡಿ ಹೊಳೆಯುವುದಕ್ಕೆ ಎಲ್ಲೋ ದೂರದ ಊರಿನವರು ಹೊಗೆ ಕುಡಿದಿದ್ದಾರೆ ಅಂತಲೇ ಅರ್ಥ.

ಆ ಹೊಳಪಿನ ನೆಲ ನಮ್ಮ ಊರಿನ ಹವೆಗೆ ಒಗ್ಗುವುದೂ ಇಲ್ಲ. ಮಳೆಗಾಲದಲ್ಲಿ ನೆಲ ಬೆವರುವುದನ್ನು ನೋಡದವರು ಯಾರಿದ್ದಾರೆ? ತಣ್ಣಗಿನ ನೆಲಕ್ಕೆ ತೇವದ ಗಾಳಿ ತಾಗಿ ನೀರಾಗುತ್ತದೆ. ಸುಟ್ಟ ಮಣ್ಣಿನ ನೆಲವಾದರೆ ಅದನ್ನು ಅಷ್ಟಿಷ್ಟು ಹೀರಿಕೊಳ್ಳುತ್ತದೆ. ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದೇ ಇಲ್ಲವೆನ್ನಬೇಕು, ಹಾಗಾಗಿ ತೇವ ಮೇಲೆಯೇ ನಿಲ್ಲುತ್ತದೆ. ಸುಬಹಿಗೆ ಎದ್ದು ವುಳೂ ಮಾಡಿ ಒದ್ದೆ ಕಾಲಲ್ಲಿ ಬರುವ ಉಮ್ಮ ಅದರ ಮೇಲೆ ಜಾರಿದರೆ ಸೊಂಟದ ಎಲುಬೇ ಹೋಗಬಹುದು. ಆ ವಯಸ್ಸಿನಲ್ಲಿ ಬಿದ್ದವರು ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಶೋರೂಮಿನಲ್ಲಿ ಟೈಲ್ಸ್ ಆರಿಸುವಾಗ ಉಮ್ಮನನ್ನು ಯಾರೂ ಕರೆದುಕೊಂಡು ಹೋಗಿರುವುದಿಲ್ಲ. ದಿನಾ ನೆಲ ಒರೆಸುವವರನ್ನೂ ಕೇಳಿರುವುದಿಲ್ಲ.

ಹೊಸ ಮನೆ ಕಟ್ಟುವವರಿಗೆ ನೆಲ ಹಾಕದೆ ಆಗುವುದಿಲ್ಲ, ಸರಿ. ಅವರು ಮೊದಲು ಹತ್ತಿರದಲ್ಲಿ ಏನು ಸಿಗುತ್ತದೆಂದು ನೋಡಲಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರಿನ ಹಂಚು ಲೋಕಪ್ರಸಿದ್ಧವಾಯಿತು. ಅಂಥ ಕಾರ್ಖಾನೆಗಳಲ್ಲಿ ಮಾಡಿಗೆ ಮಾತ್ರವಲ್ಲ, ನೆಲಕ್ಕೂ ಹಂಚು ಮಾಡುತ್ತಿದ್ದರು. ಹಳೆ ಮನೆ ಕೆಡಹುವಲ್ಲಿ ಈಗಲೂ ಒಮ್ಮೊಮ್ಮೆ ಅಂಥ ನೆಲಹಂಚು ಸಿಗುತ್ತದೆ. ಜೋಪಾನವಾಗಿ ಕಿತ್ತು, ತೊಳೆದು ಹಾಕಿದರೆ ಇನ್ನೊಂದು ತಲೆಮಾರು ಬಾಳುತ್ತದೆ. ಹೊಸತು ಮಾಡಲು ಗದ್ದೆಯ ಆವೆಮಣ್ಣೇ ಬೇಕು, ಅದನ್ನೂ ಮರೆಯುವಂತಿಲ್ಲ. ಅದಕ್ಕೇ ಹಳೆಯದು ಸಿಕ್ಕರೆ ಬಿಡಬೇಡಿ ಎನ್ನುವುದು.

ಕಾವಿ ನೆಲವನ್ನೂ ಬಡವರದ್ದೆಂದು ತಳ್ಳಿಹಾಕಬೇಕಾಗಿಲ್ಲ. ಸಿಮೆಂಟ್ ಅದಕ್ಕೂ ಬೇಕು, ಆದರೆ ಅದನ್ನು ಸುಡುವ ಕುಲುಮೆ ಬೇಡ, ಗುಜರಾತಿನ ಲಾರಿಯೂ ಬೇಡ. ಕೂಲಿ ಊರಿನ ಮೇಸ್ತ್ರಿಯ ಕೈಗೇ ಹೋಗುತ್ತದೆ. ಹೆಣ್ಮಕ್ಕಳು ಒರೆಸಿದಷ್ಟೂ ಮಿರುಗುತ್ತದೆ. ತೊಂದರೆ ಇಲ್ಲವೆಂದಲ್ಲ. ಅಡಿಯ ಮಣ್ಣು ಕುಸಿದರೆ, ಅಥವಾ ಹಾಕಿದ ಮೇಲೆ ಒಂದು ವಾರ ಸರಿಯಾಗಿ ನೀರು ನಿಲ್ಲಿಸದಿದ್ದರೆ ಬಿರುಕು ಬಿಡುತ್ತದೆ. ಲಿಂಬೆ, ಹುಣಸೆಯ ಹುಳಿ ಬಿದ್ದರೆ ಕಲೆ ಉಳಿಯುತ್ತದೆ, ಹಾಗಾಗಿ ಅಡುಗೆಮನೆಗೆ ಕಲ್ಲೇ ವಾಸಿ. ಕಾರ್ಕಳದ ಕಡೆಯ ಕಲ್ಲು ಸಿಗುವುದಾದರೆ ದೂರದ ಮಾರ್ಬಲ್ ಯಾಕೆ? ಕೈಬಳಕೆಯ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ ಎನ್ನುವುದು ನಿಜ. ಕೆಲಸ ಕೊಡುವವರಿಲ್ಲದೆ ಕಡಿಮೆಯಾದದ್ದು.

ಮರದಂತೆ ಕಾಣುವ ಲ್ಯಾಮಿನೇಟ್ ನಮ್ಮ ಕರಾವಳಿಯ ತೇವಕ್ಕೆ ಉಬ್ಬುತ್ತದೆ, ಅದರ ಆಸೆ ಬಿಡುವುದೇ ಒಳ್ಳೆಯದು. ವಿನೈಲ್ ಶೀಟ್ ಎಂದರೆ ಪಿವಿಸಿ ಪ್ಲಾಸ್ಟಿಕ್. ಹಳತಾದಾಗ ಹಿತ್ತಿಲಲ್ಲಿ ಸುಟ್ಟರೆ ವಿಷದ ಹೊಗೆ.

ಟೈಲ್ಸೇ ಬೇಕು ಎನ್ನುವವರೊಂದಿಗೆ ನಮಗೆ ಜಗಳವಿಲ್ಲ. ಬಚ್ಚಲಿಗೆ, ವುಳೂ ಮಾಡುವ ಜಾಗಕ್ಕೆ ಹೊಳಪಿಲ್ಲದ, ಒರಟು ಮೈಯ ಟೈಲ್ಸ್ ಕೇಳಿ. ಡಬ್ಬಿಯ ಮೇಲೆ ಆರ್ 10, ಆರ್ 11 ಎಂದು ಬರೆದಿದ್ದರೆ ಅದು ಜಾರುವುದು ಕಡಿಮೆ. ಹಳೆ ನೆಲ ಗಟ್ಟಿಯಿದ್ದರೆ ಒಡೆಯದೆ, ಮೇಲ್ಮೈಯನ್ನು ಒರಟು ಮಾಡಿ, ಟೈಲ್ಸ್ ಅಂಟು ಹಾಕಿ ಅದರ ಮೇಲೆಯೇ ಕೂರಿಸಬಹುದು. ಬಾಗಿಲಿನ ಅಡಿಯನ್ನು ಸ್ವಲ್ಪ ಕೊಯ್ಯಬೇಕಾದೀತು, ಅಷ್ಟೆ.

ಈ ಮಾತು ಮನೆಗಳಿಗೆ ಮಾತ್ರ ಯಾಕೆ? ಕಮಿಟಿ ಬದಲಾದಾಗ ಮಸೀದಿಯ ಹೌಳಿನ ಸುತ್ತಲಿನ ಟೈಲ್ಸೂ ಬದಲಾಗುವ ಊರುಗಳುಂಟು. ಇಸ್ರಾಫ್ ಎಂದು ಮಕ್ಕಳಿಗೆ ಪಾಠ ಹೇಳುವವರು ನಾವು. ಇದನ್ನು ಬರೆದದ್ದಕ್ಕೆ ಯಾರಾದರೂ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಮುಂದಿನ ಕಮಿಟಿ ಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳಬಹುದು: ಈಗಿನ ನೆಲಕ್ಕೆ ಏನಾಗಿದೆ? ಒಡೆದ ಮಣ್ಣುಕಲ್ಲನ್ನು ಎಲ್ಲಿಗೆ ಹಾಕುತ್ತೀರಿ?