ಕೀಲಿ ಸರ್ವರ್‌ಗೆ, ಕೀಲಿಕೈ ನಮ್ಮಲ್ಲಿ

ನಿಡಗುಂದಿಯ ಮನೆಯಲ್ಲಿ ಕುಳಿತೇ ಮುಂಬೈನ ಸರ್ವರ್ ನೋಡಿಕೊಳ್ಳಬಹುದು, ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಲೇಬೇಕಿಲ್ಲ. ಈ ಆಸೆಯಿಂದ ನಾನೂ ಒಂದು ಪುಟ್ಟ ಸರ್ವರ್ ಬಾಡಿಗೆಗೆ ಪಡೆದು, ಟಾಮ್‌ಕ್ಯಾಟ್ ಹಾಕಿ ಅಪ್ಲಿಕೇಷನ್ ಓಡಿಸಿದೆ. ಮರುದಿನ ಲಾಗ್ ತೆರೆದಾಗ ಎದೆ ಧಸಕ್ಕೆಂದಿತು. ‘ರೂಟ್’, ‘ಅಡ್ಮಿನ್’ ಹೆಸರಿನಲ್ಲಿ ಯಾರೋ ರಾತ್ರಿಯಿಡೀ ಪಾಸ್‌ವರ್ಡ್ ಊಹಿಸುತ್ತ ಬಾಗಿಲು ಬಡಿದಿದ್ದರು. ನನ್ನ ಮೇಲೇನೂ ದ್ವೇಷವಲ್ಲ. ಇಂಟರ್‌ನೆಟ್‌ನಲ್ಲಿ ಕಂಡ ಸರ್ವರ್‌ಗಳನ್ನೆಲ್ಲ ಬಾಟ್‌ಗಳು ಹೀಗೆಯೇ ತಡಕುತ್ತಿರುತ್ತವೆ.

ದೂರದಿಂದ ಸರ್ವರ್ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಹುಟ್ಟಿದ್ದೇ ಪಾಸ್‌ವರ್ಡ್ ಕಳವಿನಿಂದ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಅಂಥ ಕಳವು ನಡೆದ ಮೇಲೆ ಅಲ್ಲಿನ ತಾತು ಯ್ಲೋನೆನ್ ಅದನ್ನು ರೂಪಿಸಿದರು. ದಾರಿಯಲ್ಲಿ ಕದ್ದು ಕೇಳುವವರನ್ನು ಅದು ತಡೆಯುತ್ತದೆ. ಆದರೆ ಪಾಸ್‌ವರ್ಡೇ ಸುಲಭವಾಗಿದ್ದರೆ ಅದಾದರೂ ಏನು ಮಾಡೀತು?

ಪಬ್ಲಿಕ್ ಕೀ, ಪ್ರೈವೇಟ್ ಕೀ ಎಂದು ಓದುವಾಗ ತಲೆಬುಡ ತಿಳಿದಿರಲಿಲ್ಲ. ಕೊನೆಗೆ ಅರ್ಥ ಮಾಡಿಸಿದ್ದು ನಮ್ಮೂರ ಮಾತು. ನಾವು ಬೀಗಕ್ಕೆ ಕೀಲಿ ಎನ್ನುತ್ತೇವೆ, ತೆರೆಯುವುದಕ್ಕೆ ಕೀಲಿಕೈ. ಪಬ್ಲಿಕ್ ಕೀ ಎಂದರೆ ಸರ್ವರ್‌ಗೆ ಹಾಕುವ ಕೀಲಿ. ಯಾರು ನೋಡಿದರೂ ಚಿಂತೆಯಿಲ್ಲ. ಪ್ರೈವೇಟ್ ಕೀ ಕೀಲಿಕೈ. ಅದು ನಮ್ಮ ಲ್ಯಾಪ್‌ಟಾಪ್ ಬಿಟ್ಟು ಕದಲಬಾರದು, ಅದಕ್ಕೂ ಒಂದು ಪಾಸ್‌ಫ್ರೇಸ್ ಇರಬೇಕು.

ನಾವು ಮಾಡುವುದೇ ಬೇರೆ. ಪ್ರಾಜೆಕ್ಟ್‌ನಲ್ಲಿ ನಾವು ನಾಲ್ವರು ಒಂದೇ ಕೀಲಿಕೈಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡಿದ್ದೆವು. ಒಬ್ಬನ ಫೋನ್ ಕಳೆದಾಗ ಕೀಲಿಯನ್ನೇ ಬದಲಿಸಬೇಕಾಯಿತು. ಒಂದು ಫೈಲ್ ಅಳಿಸಿಹೋದಾಗ, ಅಳಿಸಿದವರು ಯಾರೆಂದು ಲಾಗ್ ನೋಡಿಯೂ ತಿಳಿಯಲಿಲ್ಲ.

ಆಗ ಕಲಿತದ್ದಿಷ್ಟು: ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ, ಪ್ರತ್ಯೇಕ ಕೀಲಿಕೈ. ತಂಡ ಬಿಟ್ಟವರ ಕೀಲಿಯನ್ನು ಅಂದೇ ತೆಗೆಯಬೇಕು. ರೂಟ್ ಲಾಗಿನ್, ಪಾಸ್‌ವರ್ಡ್ ಲಾಗಿನ್ ಎರಡನ್ನೂ ಮುಚ್ಚಬೇಕು. ಆದರೆ ಮುಚ್ಚುವ ಮೊದಲು ಇನ್ನೊಂದು ವಿಂಡೋದಲ್ಲಿ ಕೀಲಿಕೈ ಕೆಲಸ ಮಾಡುತ್ತದೆಯೇ ಎಂದು ನೋಡಿಕೊಳ್ಳಿ, ಇಲ್ಲವಾದರೆ ನೀವೇ ಹೊರಗೆ ಉಳಿಯುತ್ತೀರಿ. ಟಾಮ್‌ಕ್ಯಾಟ್‌ನ ಮ್ಯಾನೇಜರ್ ಪುಟವನ್ನು ಊರಿಗೆಲ್ಲ ತೆರೆದಿಡದೆ ಎಸ್‌ಎಸ್‌ಎಚ್ ಟನೆಲ್ ಮೂಲಕವೇ ಬಳಸಿ. ಇದಕ್ಕೆಲ್ಲ ಹಣ ಬೇಕಿಲ್ಲ, ಒಂದು ಸಂಜೆ ಸಾಕು.

2022ರ ಸರ್ಟ್‌-ಇನ್ ನಿರ್ದೇಶನದಂತೆ ಸಂಸ್ಥೆಗಳು ಸೈಬರ್ ದಾಳಿಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ನಾಳೆ ಆ ಹೊಣೆ ಹೊರುವವರು ನಾವೇ. ಆದರೂ ನಮ್ಮ ಲ್ಯಾಬ್‌ಗಳಲ್ಲಿ ಅಪ್ಲಿಕೇಷನ್ ಓಡಿದರೆ ಪೂರ್ತಿ ಅಂಕ. ಬಾಗಿಲು ಹಾಕಿದ್ದೀಯಾ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಗೂ ಅಂಕ ಇರಲಿ. ಮುಖವನ್ನೇ ನೋಡದ ಕಂಪನಿಯೊಂದು ನಿಡಗುಂದಿಯ ಹುಡುಗ, ಹುಡುಗಿಯರ ಕೈಗೆ ತನ್ನ ಸರ್ವರ್ ಒಪ್ಪಿಸಬೇಕಾದರೆ, ಅದು ಮೊದಲು ನೋಡುವುದು ನಾವು ಕೀಲಿಕೈಯನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದನ್ನು.