ಮರದಿಂದ ಬಿದ್ದ ಹುಡುಗರ ಲೆಕ್ಕ

ಮಗ ಶಾಲೆಯಿಂದ ಬರುವಾಗ ಅಂಗಿಯ ಗುಂಡಿ ಕಿತ್ತುಹೋಗಿದ್ದರೆ ಇಂಗ್ಲೆಂಡಿನಲ್ಲಿರುವ ನಾವು ಕನ್ನಡದ ಅಪ್ಪ-ಅಮ್ಮಂದಿರು ಮೊದಲು ಕೇಳುವುದು, 'ಯಾರು ಮೊದಲು ಕೈ ಮಾಡಿದ್ದು?' ಆಮೇಲೆ ಕೇಳುವುದು, 'ಟೀಚರ್‌ಗೆ ಗೊತ್ತಾಯಿತಾ?' ಗೊತ್ತಾಗಿಲ್ಲ ಎಂದರೆ ನಮಗೆ ಒಳಗೊಳಗೇ ಸಮಾಧಾನ. ಹುಡುಗರ ಜಗಳ, ನಾಳೆಗೆ ಮರೆತುಹೋಗುತ್ತದೆ ಎಂದು ಊಟಕ್ಕೆ ಕರೆಯುತ್ತೇವೆ.

ಮರೆತುಹೋಗುತ್ತದೆಯೇ? ಕುಮಾರವ್ಯಾಸ ಬರೆದದ್ದು 10 ಪರ್ವ. ಆದಿಪರ್ವದ ಆಟದ ಬಯಲಿನಲ್ಲಿ ಕಾದಾಡಿದ ಇಬ್ಬರು ಹುಡುಗರೇ ಕೊನೆಯ ಗದಾಪರ್ವದಲ್ಲಿ ಗದೆ ಹಿಡಿದು ಎದುರುಬದುರು ನಿಲ್ಲುತ್ತಾರೆ. ನಡುವೆ ಜೂಜು, ವನವಾಸ, 18 ಅಕ್ಷೌಹಿಣಿ ಸೈನ್ಯ ಎಲ್ಲ ಬಂದುಹೋದವು. ಆದರೆ ಜಗಳ ಆಡಿದವರು ಅವರೇ, ಒಂದೇ ಮನೆಯ ಮಕ್ಕಳು, ದ್ರೋಣನೆಂಬ ಒಬ್ಬನೇ ಮೇಷ್ಟರ ಶಿಷ್ಯರು.

ಶುರುವಾದದ್ದು ಹೇಗೆ? ಕೌರವರ ಹುಡುಗರು ಹಣ್ಣು ಕೀಳಲು ಮರ ಹತ್ತಿದರೆ ಭೀಮ ಬುಡಕ್ಕೆ ಒದ್ದು ಹಣ್ಣಿನ ಜೊತೆ ಅವರನ್ನೂ ಉದುರಿಸುತ್ತಿದ್ದ. ನೀರಾಟದಲ್ಲಿ ಅವರನ್ನು ಹಿಡಿದು ಮುಳುಗಿಸಿ, ಉಸಿರು ಕಟ್ಟುವ ಹೊತ್ತಿಗೆ ಬಿಡುತ್ತಿದ್ದ. ಇದನ್ನು ಅವನು ಮಾಡಿದ್ದು ಹುಡುಗಾಟಕ್ಕೆ, ದ್ವೇಷದಿಂದಲ್ಲ ಎಂದು ವ್ಯಾಸಭಾರತವೇ ಹೇಳುತ್ತದೆ. ನಾವೂ ಬಾಲ್ಯದಿಂದ ಈ ಭಾಗ ಕೇಳಿ ನಕ್ಕವರೇ. ಆದರೆ ನೀರಿನೊಳಗಿದ್ದ ಹುಡುಗನಿಗೆ ಅದು ಹುಡುಗಾಟ ಎಂದು ಯಾರು ಹೇಳಿದರು? ಒಂದೇ ಘಟನೆಯನ್ನು ಭೀಮ ತನ್ನ ಖಾತೆಯಲ್ಲಿ ಆಟ ಎಂದು ಬರೆದುಕೊಂಡ, ದುರ್ಯೋಧನ ತನ್ನದರಲ್ಲಿ ಬಾಕಿ ಎಂದು ಬರೆದುಕೊಂಡ. ಆ ಬಾಕಿ ತೀರಿಸಲು ಅವನು ಬಳಸಿದ್ದು ವಿಷದ ಊಟ ಮತ್ತು ಗಂಗೆಯ ಮಡು. ಅದು ಮಹಾಪರಾಧ, ಎರಡು ಮಾತಿಲ್ಲ. ಆದರೆ ಪಾಂಡವರ ಪುಸ್ತಕ ತೆರೆಯುವುದು ವಿಷದ ದಿನದಿಂದ, ಕೌರವರದು ಮರದಿಂದ ಬಿದ್ದ ದಿನದಿಂದ. ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಮಗೆ ಇದು ಗೊತ್ತಿರುವ ಕಷ್ಟ: ಎರಡೂ ಪುಸ್ತಕದ ಕೂಡಿಕೆ ಸರಿಯಿರುತ್ತದೆ, ಆರಂಭದ ತಾರೀಕು ಮಾತ್ರ ಬೇರೆ. ಪತ್ರಿಕೆಯಲ್ಲಿ ಯಾವ ದೇಶದ ಯುದ್ಧದ ಸುದ್ದಿ ಓದಿದರೂ ಇದೇ ಕಾಣುತ್ತದೆ.

ಆ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಹಿರಿಯರ ಮೌನ. ವಿಷದಿಂದ ಬದುಕಿ ಬಂದ ಭೀಮನಿಗೆ ಧರ್ಮರಾಯ ಹೇಳಿದ್ದು, ಇದನ್ನು ಎಲ್ಲೂ ಬಾಯಿಬಿಡಬೇಡ ಎಂದು. ವಿದುರನೂ ಕುಂತಿಗೆ ಸುಮ್ಮನಿರಲು ಹೇಳಿದ. ಅವನ ಭಯಕ್ಕೆ ಕಾರಣವಿತ್ತು. ಆಪಾದನೆ ಹೊರಿಸಿದರೆ ಉಳಿದ ಮಕ್ಕಳ ಜೀವಕ್ಕೇ ಕುತ್ತು. ನಮ್ಮ ಮೌನಕ್ಕೆ ಅಂಥ ಕಾರಣವೇನಿದೆ? 'ಹೊರಗಿನಿಂದ ಬಂದವರು, ತಗ್ಗಿ ಬಗ್ಗಿ ಇರೋಣ' ಎನ್ನುತ್ತೇವೆ. ಮಗನ ಪರವಾಗಿ ಶಾಲೆಗೊಂದು ಪತ್ರ ಬರೆದ ಮಾತ್ರಕ್ಕೆ ಯಾರ ವೀಸಾವೂ ರದ್ದಾಗುವುದಿಲ್ಲ. ಇಂಗ್ಲೆಂಡಿನ ಸರಕಾರಿ ಶಾಲೆಗಳು ಮಕ್ಕಳ ಪೀಡನೆ ತಡೆಯುವ ಕ್ರಮಗಳನ್ನು ಇಟ್ಟುಕೊಂಡಿರಲೇಬೇಕು ಎಂದು 2006ರ ಶಿಕ್ಷಣ ಮತ್ತು ತಪಾಸಣಾ ಕಾಯ್ದೆಯೇ ಹೇಳುತ್ತದೆ. ಆ ನಿಯಮಗಳ ಪ್ರತಿ ಕೊಡಿ ಎಂದು ಕೇಳಲು ನಮ್ಮವರಿಗೆ ಸಂಕೋಚ.

ನಮ್ಮ ಇನ್ನೊಂದು ಉಪಾಯ, ಮಕ್ಕಳನ್ನು ದೂರವಿಡುವುದು. 'ಆ ಹುಡುಗರ ಸಹವಾಸ ಬೇಡ.' ಈ ದೇಶದ ಕವಿ ಸ್ಟೀಫನ್ ಸ್ಪೆಂಡರ್ 1930ರ ದಶಕದಲ್ಲಿ ಬರೆದ ಒಂದು ಪುಟ್ಟ ಕವಿತೆ ಇದರ ಬಗ್ಗೆಯೇ ಇದೆ. ಒರಟು ಹುಡುಗರ ಹತ್ತಿರ ಹೋಗದಂತೆ ತಂದೆತಾಯಿ ತಡೆದ ಮಗು ಅಲ್ಲಿದೆ. ಅವರು ಅವನ ತೊದಲು ಮಾತನ್ನು ಅಣಕಿಸುತ್ತಾರೆ. ಅವನಿಗೆ ಅವರೆಂದರೆ ಹೆದರಿಕೆ, ಆದರೂ ಕ್ಷಮಿಸಿ ಸ್ನೇಹ ಮಾಡುವ ಆಸೆ. ಅದು ಈಡೇರುವುದಿಲ್ಲ. ಊರಿನಲ್ಲಿ ನಾವು ಟೂ ಬಿಟ್ಟರೂ ಸಂಜೆ ಅದೇ ಬೀದಿಯಲ್ಲಿ ಆಡಲೇಬೇಕಿತ್ತು, ಹಾಗಾಗಿ ರಾಜಿ ತಾನಾಗಿ ಆಗುತ್ತಿತ್ತು. ಇಲ್ಲಿ ಮಕ್ಕಳು ಕಾರಿನಲ್ಲಿ ಹೋಗಿ ಕಾರಿನಲ್ಲಿ ಬರುತ್ತವೆ. ಜಗಳ ಅಲ್ಲೇ ಉಳಿದುಬಿಡುತ್ತದೆ.

ಅಣಕದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ನಮ್ಮ ಮಕ್ಕಳು ಯಾವಾಗಲೂ ಪೆಟ್ಟು ತಿನ್ನುವ ಕಡೆಯೇ ಇರುವುದಿಲ್ಲ. ಹಾಸನದಿಂದಲೋ ಧಾರವಾಡದಿಂದಲೋ ಹೊಸದಾಗಿ ಬಂದ ಮಗುವಿನ ಇಂಗ್ಲಿಷನ್ನು ಇಲ್ಲೇ ಹುಟ್ಟಿದ ನಮ್ಮ ಮಕ್ಕಳೇ ಆಡಿಕೊಂಡು ನಗುವುದುಂಟು. ಆಗ ನಾವು 'ತಮಾಷೆಗೆ' ಎನ್ನುತ್ತೇವೆ. ಭೀಮನ ಪರ ವಕೀಲರಾಗುತ್ತೇವೆ.

ಎರಡೂ ಮಕ್ಕಳನ್ನು ಎದುರು ಕೂರಿಸಿ, ನಡುವೆ ಬಾಯಿ ಹಾಕದೆ, ಒಬ್ಬೊಬ್ಬರ ಕಥೆಯನ್ನೂ ಪೂರ್ತಿ ಕೇಳುವ ಪದ್ಧತಿ ಇಲ್ಲಿನ ಎಷ್ಟೋ ಶಾಲೆಗಳಲ್ಲಿದೆ. ಅದಕ್ಕೆ ಒಪ್ಪಿಕೊಳ್ಳಿ ಎಂದು ನಮ್ಮ ಅಭಿಪ್ರಾಯ. ನಮ್ಮ ಮಗ ಮಾಡಿದ್ದೂ ಹೊರಗೆ ಬರುತ್ತದೆ; ಬರಲಿ.

ಊರಿನಲ್ಲಿರುವ ಅಜ್ಜ-ಅಜ್ಜಿಯರಲ್ಲೂ ಒಂದು ಕೋರಿಕೆ. ಮೊಮ್ಮಗ ವಿಡಿಯೊ ಕಾಲ್‌ನಲ್ಲಿ ಪೆಟ್ಟಾಯಿತು ಎಂದರೆ 'ನೀನೂ ಎರಡು ಬಿಟ್ಟೆ ತಾನೇ?' ಎಂದು ಬೆನ್ನು ತಟ್ಟಬೇಡಿ. ಭಾನುವಾರ ಭಾರತದ ಕಥೆ ಹೇಳುವಾಗ ಮರದಿಂದ ಬಿದ್ದ ಹುಡುಗರಿಗೂ ನಾಲ್ಕು ಮಾತು ಕೊಡಿ. ಮಕ್ಕಳು ಅಡ್ಡ ಪ್ರಶ್ನೆ ಕೇಳುತ್ತವೆ. ಉತ್ತರ ಹೇಳಲು ನಮಗಿಂತ ನಿಮಗೇ ಪುರುಸೊತ್ತು ಹೆಚ್ಚು.